ತೂಫಾನು, ಎಲ್ ನಿನೊ ಮತ್ತು ನಮ್ಮ ಕಡಲು: ಕಾರವಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೈತಖೋಲ್ ಬಂದರಿನಲ್ಲಿ, ಕುಮಟಾದ ಮೀನುಪೇಟೆಯಲ್ಲಿ, ಶಿರಸಿ ಕಡೆಯ ಅಡಿಕೆ ಅಂಗಳದಲ್ಲಿ ಮಾತಿಗೆ ಕೂತಾಗ ಜನ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೆಲವು ಪತ್ರದಲ್ಲಿ ಬಂದವು, ಕೆಲವು ಫೋನಿನಲ್ಲಿ. ಕೇಳಿದವರ ಮಾತನ್ನು ಹೆಚ್ಚು ತಿದ್ದದೆ ಹಾಗೇ ಇಟ್ಟಿದ್ದೇನೆ. ಚಂಡಮಾರುತಕ್ಕೆ ನಮ್ಮ ಕಡಲ ಬದಿಯಲ್ಲಿ ತೂಫಾನು ಅನ್ನುವುದೇ ರೂಢಿ. ನಾನೂ ಅದೇ ಪದ ಬಳಸುತ್ತೇನೆ. ಮೊದಲು ಬುಡದ ಸಂಗತಿ, ಆಮೇಲೆ ಸ್ವಲ್ಪ ಆಳದ್ದು.

## ಬುಡದ ಸಂಗತಿ

ಜೋರು ಗಾಳಿ-ಮಳೆ ಬಂದ್ರೆ ಎಲ್ಲರೂ ತೂಫಾನು ಅಂತಾರೆ. ನಿಜವಾಗಿ ಯಾವುದು ತೂಫಾನು?

ನಡುವೆ ಗಾಳಿಯ ಒತ್ತಡ ಕುಸಿದಿರಬೇಕು. ಅದರ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಿರಬೇಕು. ಆ ಸುತ್ತುಗಾಳಿಯ ವೇಗ ನೋಡಿ ಹವಾಮಾನ ಇಲಾಖೆ ಹೆಸರು ಕೊಡುತ್ತದೆ. ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ. 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ. 62 ಮುಟ್ಟಿದರೆ ಚಂಡಮಾರುತ. ವಾಯು, ಮಹಾ ಅಂತೆಲ್ಲ ಹೆಸರು ಸಿಗುವುದು ಆಗಲೇ. 221 ಮುಟ್ಟಿದರೆ ಅದು ಸೂಪರ್ ಸೈಕ್ಲೋನ್.

ಜೂನ್-ಜುಲೈನಲ್ಲಿ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಲಾಗದ ಹಾಗೆ ಬೀಸುವುದು ಮುಂಗಾರಿನ ಗಾಳಿ. ಅದು ಒಂದೇ ದಿಕ್ಕಿಗೆ ನೂರಾರು ಕಿ.ಮೀ. ಉದ್ದಕ್ಕೂ ಬೀಸುತ್ತದೆ, ಸುತ್ತುವುದಿಲ್ಲ. ಎರಡೂ ಅಪಾಯವೇ, ಆದರೆ ಹುಟ್ಟು ಬೇರೆ.

ಕಡಲು ಬಿಸಿಯಾದ್ರೆ ಸಾಕಾ, ತೂಫಾನು ಹುಟ್ಟೋಕೆ?

ಸಾಲದು. ನೀರು ಸುಮಾರು 26.5 ಡಿಗ್ರಿಗಿಂತ ಹೆಚ್ಚು ಬೆಚ್ಚಗಿರಬೇಕು, ಅದೂ ಮೇಲ್ಪದರ ಮಾತ್ರ ಅಲ್ಲ, ಸುಮಾರು 50 ಮೀಟರ್ ಆಳದವರೆಗೆ. ಆದರೆ ನಮ್ಮ ಕಡಲು ವರ್ಷದ ಬಹುಪಾಲು ದಿನ ಇಷ್ಟು ಬೆಚ್ಚಗೇ ಇರುತ್ತದೆ. ಹಾಗಂತ ದಿನಾ ತೂಫಾನು ಏಳುತ್ತದಾ? ಇಲ್ಲ.

ಬಚ್ಚಲೊಲೆಯ ಹೊಗೆ ನೆನಪಿಸಿಕೊಳ್ಳಿ. ಗಾಳಿ ಇಲ್ಲದ ಬೆಳಗ್ಗೆ ಹೊಗೆ ಕಂಬದ ಹಾಗೆ ನೆಟ್ಟಗೆ ಮೇಲೇರುತ್ತದೆ. ತೆಂಗಿನ ತಲೆಯ ಮಟ್ಟದಲ್ಲಿ ಅಡ್ಡಗಾಳಿ ಇದ್ದರೆ ಅಲ್ಲಿಗೆ ಹೋಗಿ ಮುರಿದು ಚದುರುತ್ತದೆ. ತೂಫಾನೂ ಬಿಸಿ, ತೇವದ ಗಾಳಿಯ ಒಂದು ಕಂಬವೇ. ಕೆಳಗಿನ ಗಾಳಿ ಒಂದು ಕಡೆ, ಮೇಲಿನ ಗಾಳಿ ಇನ್ನೊಂದು ಕಡೆ ಜೋರಾಗಿ ಎಳೆದರೆ ಆ ಕಂಬ ನಿಲ್ಲುವುದಿಲ್ಲ. ಇದನ್ನು ಗಾಳಿಯ ಕತ್ತರಿ ಅಂತ ಕರೆಯೋಣ. ಮುಂದಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಇನ್ನೆರಡು ಬೇಕು. ಕೆಲವು ಕಿ.ಮೀ. ಎತ್ತರದವರೆಗೆ ಗಾಳಿಯಲ್ಲಿ ತೇವ ಇರಬೇಕು. ಮತ್ತೆ ಭೂಮಿಯ ತಿರುಗುವಿಕೆಯಿಂದ ಗಾಳಿಗೆ ಸುತ್ತು ಸಿಗಬೇಕು. ಸಮಭಾಜಕ ರೇಖೆಯಿಂದ ಸುಮಾರು 5 ಡಿಗ್ರಿ ಒಳಗೆ ಆ ಸುತ್ತು ಸಿಗುವುದು ತೀರಾ ಕಡಿಮೆ, ಅಲ್ಲಿ ತೂಫಾನು ಹುಟ್ಟುವುದೂ ಅಪರೂಪ.

ಮಳೆಗಾಲದಲ್ಲಿ ಕಡಲು ಇಷ್ಟು ಏಳ್ತದೆ. ಆದ್ರೂ ತೂಫಾನು ಮೇನಲ್ಲಿ, ಇಲ್ಲಾ ದೀಪಾವಳಿ ಹೊತ್ತಿಗೇ ಯಾಕೆ ಬರ್ತದೆ?

ಅದೇ ಕತ್ತರಿ. ಜುಲೈ-ಆಗಸ್ಟ್‌ನಲ್ಲಿ ಕೆಳಗೆ ನೈಋತ್ಯದಿಂದ ಮುಂಗಾರು ಬೀಸುತ್ತದೆ. 12-15 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ವೇಗದ ಗಾಳಿ. ನಡುವೆ ಸಿಕ್ಕ ಮೋಡದ ಕಂಬ ತುಂಡಾಗುತ್ತದೆ. ಅದಕ್ಕೇ ನಮ್ಮ ತೂಫಾನುಗಳಿಗೆ ಎರಡು ಹಂಗಾಮು: ಮುಂಗಾರಿಗೆ ಮುಂಚೆ ಏಪ್ರಿಲ್‌ನಿಂದ ಜೂನ್, ಮುಂಗಾರು ಹಿಂದೆ ಸರಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. 2024ರ ಆಗಸ್ಟ್ ಕೊನೆಯಲ್ಲಿ ಗುಜರಾತಿನ ನೆಲದ ಮೇಲಿಂದ ಕಡಲಿಗೆ ಇಳಿದು ತೂಫಾನಾದ ಅಸ್ನಾ ತೀರಾ ಅಪರೂಪದ್ದು. ಅರಬ್ಬಿ ಕಡಲಲ್ಲಿ ಆಗಸ್ಟ್‌ನಲ್ಲಿ ಹಾಗಾಗಿದ್ದು 1976ರ ನಂತರ ಅದೇ ಮೊದಲು.

ಎಲ್ ನಿನೊ ಅಂತ ಟಿವಿಯಲ್ಲಿ ಹೇಳ್ತಾನೇ ಇರ್ತಾರೆ. ಅದು ಎಲ್ಲಿರೋದು? ನಮ್ಮ ಕಡಲಲ್ಲಾ?

ಅಲ್ಲ. ಇಲ್ಲಿಂದ ಅರ್ಧ ಭೂಗೋಳ ದೂರದ ಪೆಸಿಫಿಕ್ ಸಾಗರದಲ್ಲಿ. ಹೆಸರು ಕೊಟ್ಟವರು ಪೆರು ದೇಶದ ಮೀನುಗಾರರು. ಕ್ರಿಸ್‌ಮಸ್ ಹೊತ್ತಿಗೆ ಅವರ ತಣ್ಣನೆ ಕಡಲಿಗೆ ಬಿಸಿ ನೀರು ಬರುತ್ತಿತ್ತು, ಮೀನು ಕಡಿಮೆಯಾಗುತ್ತಿತ್ತು. ಬಾಲಯೇಸುವಿನ ಹೆಸರಿನಲ್ಲಿ ಅದನ್ನು ಎಲ್ ನಿನೊ ಅಂದರು.

ಸಾಮಾನ್ಯ ವರ್ಷದಲ್ಲಿ ಪೂರ್ವದ ಗಾಳಿ ಪೆಸಿಫಿಕ್‌ನ ಬಿಸಿ ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳಿ ರಾಶಿ ಹಾಕುತ್ತದೆ. ಆ ಗಾಳಿ ಸೋತಾಗ ಬಿಸಿ ನೀರು ಪೂರ್ವಕ್ಕೆ ಹರಡುತ್ತದೆ, ಅದು ಎಲ್ ನಿನೊ. ಗಾಳಿ ಇನ್ನೂ ಜೋರಾಗಿ ಪೂರ್ವ ಭಾಗ ತಣ್ಣಗಾದರೆ ಲಾ ನಿನಾ. ಎಲ್ ನಿನೊ ಎರಡರಿಂದ ಏಳು ವರ್ಷಕ್ಕೊಮ್ಮೆ ಬರುತ್ತದೆ, ಗಡಿಯಾರದ ಹಾಗೆ ಅಲ್ಲ. ನಡು ಪೆಸಿಫಿಕ್‌ನ ಒಂದು ಗೊತ್ತಾದ ಜಾಗದ ನೀರು ವಾಡಿಕೆಗಿಂತ ಅರ್ಧ ಡಿಗ್ರಿ ಹೆಚ್ಚಾಗಿ ತಿಂಗಳುಗಟ್ಟಲೆ ಹಾಗೇ ನಿಂತರೆ ಎಲ್ ನಿನೊ ಅಂತ ಘೋಷಿಸುತ್ತಾರೆ.

ಈ ಕತೆಯ ಒಂದು ತುದಿ ನಮ್ಮ ದೇಶದಲ್ಲೇ ಇದೆ. 1904ರಿಂದ 1924ರವರೆಗೆ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ನಮ್ಮ ಮುಂಗಾರು ಯಾಕೆ ಕೈಕೊಡುತ್ತದೆ ಅಂತ ಹುಡುಕುತ್ತಿದ್ದರು. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರದ ಗಾಳಿಯ ಒತ್ತಡ ತಕ್ಕಡಿಯ ಎರಡು ತಟ್ಟೆಯ ಹಾಗೆ ಏರಿಳಿಯುವುದು ಅವರಿಗೆ ಕಂಡಿತು. ಅದಕ್ಕೂ ಎಲ್ ನಿನೊಗೂ ಗಂಟು ಹಾಕಿದ್ದು 1969ರಲ್ಲಿ, ಬ್ಯರ್ಕ್‌ನೆಸ್ ಎಂಬ ವಿಜ್ಞಾನಿ.

ಐಒಡಿ ಅಂತ ಇನ್ನೊಂದು ಇದೆಯಂತಲ್ಲ?

ಇಂಡಿಯನ್ ಓಷನ್ ಡೈಪೋಲ್ ಅನ್ನುವುದರ ಚಿಕ್ಕ ರೂಪ ಐಒಡಿ. ನಮಗೆ ಮನೆಯ ಹತ್ತಿರದ್ದು ಇದೇ. ಹಿಂದೂ ಮಹಾಸಾಗರಕ್ಕೂ ಎರಡು ತುದಿ ಇದೆ: ಆಫ್ರಿಕಾದ ಕಡೆಯ ಪಶ್ಚಿಮ, ಸುಮಾತ್ರಾದ ಕಡೆಯ ಪೂರ್ವ. ಕೆಲವು ವರ್ಷ ಸುಮಾತ್ರಾದ ಬದಿಯಲ್ಲಿ ಆಳದ ತಣ್ಣೀರು ಮೇಲೆ ಬಂದು, ಪಶ್ಚಿಮದ ನೀರು ಬೆಚ್ಚಗಾಗುತ್ತದೆ. ಅದು ಪಾಸಿಟಿವ್ ಐಒಡಿ. ಉಲ್ಟಾ ಆದರೆ ನೆಗೆಟಿವ್. ಮೇ-ಜೂನ್ ಹೊತ್ತಿಗೆ ಶುರುವಾಗಿ, ಸೆಪ್ಟೆಂಬರ್-ಅಕ್ಟೋಬರ್‌ಗೆ ಏರಿ, ಡಿಸೆಂಬರ್ ಹೊತ್ತಿಗೆ ಇಳಿಯುತ್ತದೆ. 1999ರಲ್ಲಿ ಇದನ್ನು ಜಗತ್ತಿಗೆ ತೋರಿಸಿಕೊಟ್ಟ ನಾಲ್ವರಲ್ಲಿ ಮೂವರು ಭಾರತೀಯರು: ಸಾಜಿ, ಗೋಸ್ವಾಮಿ, ವಿನಯಚಂದ್ರನ್. ನಾಲ್ಕನೆಯವರು ಜಪಾನಿನ ಯಮಗಾಟ.

## ನಮ್ಮ ಕಡಲಿಗೆ ಬಂದರೆ

ಎಲ್ ನಿನೊ ವರ್ಷ ತೂಫಾನು ಕಡಿಮೆಯಂತೆ. ಹಾಗಾದ್ರೆ ಈ ಸಲ ಧೈರ್ಯವಾಗಿ ಹೋಗಬಹುದಲ್ವಾ?

ಇದು ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ. ಕೇಳಿದಾಗಲೆಲ್ಲ ಆತಂಕವಾಗುತ್ತದೆ. ದಯವಿಟ್ಟು ಈ ಮಾತು ನಂಬಿ ಬೋಟು ಬಿಡಬೇಡಿ.

ಮಾತಿನ ಮೂಲ ಸುಳ್ಳಲ್ಲ. ಅದು ಅಮೆರಿಕದ ಪೂರ್ವ ಕರಾವಳಿಯ ಮಾತು. ಎಲ್ ನಿನೊ ಬಂದಾಗ ಅಟ್ಲಾಂಟಿಕ್ ಮೇಲೆ ಗಾಳಿಯ ಕತ್ತರಿ ಹರಿತವಾಗುತ್ತದೆ, ಅಲ್ಲಿಯ ಹರಿಕೇನ್‌ಗಳು ಕಡಿಮೆಯಾಗುತ್ತವೆ. 1984ರಿಂದಲೇ ಇದನ್ನಿಟ್ಟುಕೊಂಡು ಅಲ್ಲಿ ಹಂಗಾಮಿನ ಮುನ್ಸೂಚನೆ ಕೊಡುತ್ತಾ ಬಂದಿದ್ದಾರೆ. ಬಂಗಾಳಕೊಲ್ಲಿಗೂ ಇದು ಒಂದು ಮಟ್ಟಿಗೆ ಹೊಂದುತ್ತದೆ. ಅಕ್ಟೋಬರ್-ಡಿಸೆಂಬರ್‌ನಲ್ಲಿ ಅಲ್ಲಿ ಲಾ ನಿನಾ ಇದ್ದರೆ ತೂಫಾನಿನ ಬಲ, ಸಂಖ್ಯೆ ಎರಡೂ ಜಾಸ್ತಿ, ಎಲ್ ನಿನೊ ಇದ್ದರೆ ಕಡಿಮೆ. ಒಡಿಶಾವನ್ನು ಹಾಳುಗೆಡವಿದ 1999ರ ಅಕ್ಟೋಬರ್‌ನ ಸೂಪರ್ ಸೈಕ್ಲೋನ್ ಬಂದದ್ದು ಲಾ ನಿನಾ ವರ್ಷದಲ್ಲೇ.

ಅರಬ್ಬಿ ಕಡಲು ಬೇರೆ. 2015 ದೊಡ್ಡ ಎಲ್ ನಿನೊ ವರ್ಷ, ಜೊತೆಗೆ ಪಾಸಿಟಿವ್ ಐಒಡಿ. ಆ ವರ್ಷ ನವೆಂಬರ್‌ನಲ್ಲಿ ಚಪಾಲಾ, ಅದರ ಬೆನ್ನಿಗೇ ಮೇಘ್, ಎರಡೂ ಒಂದೇ ವಾರದ ಅಂತರದಲ್ಲಿ ಯೆಮೆನ್ ಕಡೆಗೆ ನುಗ್ಗಿದವು. 2009 ಕೂಡ ಎಲ್ ನಿನೊ ವರ್ಷ. ನವೆಂಬರ್‌ನಲ್ಲಿ ಫಯಾನ್ ತೂಫಾನು ಲಕ್ಷದ್ವೀಪದ ಕಡೆ ಹುಟ್ಟಿ, ನಮ್ಮ ಕರಾವಳಿಯ ಪಕ್ಕದಲ್ಲೇ ಬಡಗಣಕ್ಕೆ ಹೋಗಿ, 11ರಂದು ಅಲಿಬಾಗ್ ಮತ್ತು ಮುಂಬೈ ನಡುವೆ ನೆಲ ಮುಟ್ಟಿತು. ಬಂಗಾಳಕೊಲ್ಲಿಯ ಲೆಕ್ಕ ಕಾರವಾರಕ್ಕೆ ನಡೆಯುವುದಿಲ್ಲ.

ಅಷ್ಟು ದೂರದ ಪೆಸಿಫಿಕ್ ನೀರು ಬಿಸಿಯಾದ್ರೆ ನಮಗೇನು? ನೀರು ಇಲ್ಲಿಗೆ ಹರಿದು ಬರ್ತದಾ?

ನೀರು ಬರುವುದಿಲ್ಲ, ಗಾಳಿ ಬರುತ್ತದೆ. ಬಿಸಿ ನೀರಿನ ಮೇಲೆ ಗಾಳಿ ಮೇಲೇರಿ ಮೋಡವಾಗುತ್ತದೆ. ಏರಿದ ಗಾಳಿ ಬೇರೆಲ್ಲೋ ಇಳಿಯಲೇಬೇಕು. ಸಾಮಾನ್ಯವಾಗಿ ಏರುವ ಜಾಗ ಇಂಡೋನೇಷ್ಯಾದ ಸುತ್ತ. ಎಲ್ ನಿನೊದಲ್ಲಿ ಅದು ಪೂರ್ವಕ್ಕೆ ಸರಿಯುತ್ತದೆ. ಆಗ ಇಂಡೋನೇಷ್ಯಾ ಮತ್ತು ಪೂರ್ವ ಹಿಂದೂ ಮಹಾಸಾಗರದ ಮೇಲೆ ಗಾಳಿ ಇಳಿಯತೊಡಗುತ್ತದೆ. ಇಳಿಯುವ ಗಾಳಿ ಒಣಗಾಳಿ, ಅಲ್ಲಿ ಮೋಡ ಕಟ್ಟುವುದಿಲ್ಲ. ಬಂಗಾಳಕೊಲ್ಲಿ ಆ ಇಳಿಜಾಗಕ್ಕೆ ಹತ್ತಿರ. ಅರಬ್ಬಿ ಕಡಲು ಅದರಿಂದ ದೂರ, ಪಶ್ಚಿಮದ ಬೆಚ್ಚನೆ ನೀರಿಗೆ ಹತ್ತಿರ. ಎರಡೂ ಕಡಲು ಬೇರೆ ಬೇರೆ ಹಾಗೆ ನಡೆದುಕೊಳ್ಳಲು ಇದೇ ಮುಖ್ಯ ಕಾರಣ.

2019ರಲ್ಲಿ ಒಂದರ ಹಿಂದೆ ಒಂದು ಬಂತಲ್ಲ, ಆ ವರ್ಷ ಏನಾಗಿತ್ತು?

ಆ ವರ್ಷ ಅರಬ್ಬಿ ಕಡಲಲ್ಲಿ ಐದು ತೂಫಾನು: ಜೂನ್‌ನಲ್ಲಿ ವಾಯು, ಸೆಪ್ಟೆಂಬರ್‌ನಲ್ಲಿ ಹಿಕ್ಕಾ, ಅಕ್ಟೋಬರ್‌ನಲ್ಲಿ ಕ್ಯಾರ್, ಅದು ಇರುವಾಗಲೇ ಮಹಾ, ಡಿಸೆಂಬರ್‌ನಲ್ಲಿ ಪವನ್. ಅರಬ್ಬಿ ಕಡಲಲ್ಲಿ ವರ್ಷಕ್ಕೆ ಸರಾಸರಿ ಒಂದು ಅನ್ನುವುದು ಹಳೆಯ ಲೆಕ್ಕ. ಐದು ಆಗಿದ್ದು ಅದಕ್ಕೆ ಮುಂಚೆ 1902ರಲ್ಲಿ.

ಎಲ್ ನಿನೊ ಆಗ ಹೆಚ್ಚೂಕಡಿಮೆ ಮುಗಿದುಹೋಗಿತ್ತು. ಕೆಲಸ ಮಾಡಿದ್ದು ಐಒಡಿ. ದಶಕಗಳಲ್ಲೇ ಕಾಣದಷ್ಟು ಬಲವಾದ ಪಾಸಿಟಿವ್ ಐಒಡಿ ಅದು. ಪಶ್ಚಿಮದ ನೀರು ಕಾದಿತ್ತು, ಮೋಡ ಕಟ್ಟುವ ಜಾಗ ನಮ್ಮ ಕಡೆಗೆ ಸರಿದಿತ್ತು. ಅದೇ ಐಒಡಿ ಪೂರ್ವ ಆಫ್ರಿಕಾದಲ್ಲಿ ನೆರೆ ತಂದಿತು, ಆಸ್ಟ್ರೇಲಿಯಾವನ್ನು ಒಣಗಿಸಿ ಕಾಡ್ಗಿಚ್ಚಿಗೆ ದಾರಿ ಮಾಡಿತು.

ದೀಪಾವಳಿ ವಾರದ ಬೈತಖೋಲ್ ನನ್ನ ಕಣ್ಣಿಗೆ ಕಟ್ಟಿದೆ. ಗೋವಾ, ಕೇರಳ, ತಮಿಳುನಾಡಿನ ನಂಬರು ಬರೆದ ಬೋಟುಗಳು ನಮ್ಮವರ ಪರ್ಸಿನ್, ಟ್ರಾಲ್ ಬೋಟುಗಳ ಪಕ್ಕಕ್ಕೆ ಬಂದು ನಿಂತಿದ್ದವು. ಹಗ್ಗಕ್ಕೆ ಹಗ್ಗ ಕಟ್ಟಿ, ನಡುವೆ ಹಳೆ ಟಯರು ತೂಗುಬಿಟ್ಟಿದ್ದರು. ಅಲೆ ಬಂದಾಗಲೆಲ್ಲ ಟಯರು ಉಜ್ಜುವ ಸದ್ದು ಸಾಲಿನ ಈ ತುದಿಯಿಂದ ಆ ತುದಿವರೆಗೆ ಹೋಗುತ್ತಿತ್ತು. ಒಬ್ಬರು ಇನ್ನೊಬ್ಬರ ಬೋಟು ಹತ್ತಿ ಇಳಿದು ದಡ ಸೇರುತ್ತಿದ್ದರು. ಭಾಷೆ ಬಾರದವರು ಕೈಸನ್ನೆಯಲ್ಲೇ ಅಕ್ಕಿ ಅಂಗಡಿ ಎಲ್ಲಿ ಅಂತ ಕೇಳುತ್ತಿದ್ದರು. ಗುಡ್ಡ, ದ್ವೀಪಗಳ ಮರೆ ಇರುವ ಬಂದರು ನಮ್ಮದು. ಕಡಲು ಮುನಿದಾಗ ಎಷ್ಟು ಜನಕ್ಕೆ ಅದು ಮನೆಯಾಗುತ್ತದೆ ಅನ್ನುವುದು ಅಂಥ ದಿನಗಳಲ್ಲೇ ಕಾಣುವುದು.

ಕ್ಯಾರ್ ರತ್ನಾಗಿರಿಯ ಆಚೆ ಕಡಲಲ್ಲಿ ಬಲಿತು, ಅಕ್ಟೋಬರ್ 27ಕ್ಕೆ ಸೂಪರ್ ಸೈಕ್ಲೋನ್ ಆಯಿತು. 2007ರ ಗೋನು ನಂತರ ಅರಬ್ಬಿ ಕಡಲಲ್ಲಿ ಅಷ್ಟು ಬಲ ಪಡೆದದ್ದು ಅದೇ. ಅದೃಷ್ಟಕ್ಕೆ ಪಶ್ಚಿಮಕ್ಕೆ ತಿರುಗಿ ಕಡಲಲ್ಲೇ ಕರಗಿತು.

ಕಾರವಾರಕ್ಕೆ ತೂಫಾನು ನೇರ ಬಡಿಯೋದೇ ಇಲ್ಲ. ಮತ್ತೆ ಹೆದರೋದು ಯಾಕೆ?

ನೇರ ಬಡಿಯುವುದು ಬಹಳ ಅಪರೂಪ, ನಿಜ. ಲಕ್ಷದ್ವೀಪದ ಸುತ್ತ ಹುಟ್ಟಿದವು ಮೇಲಿನ ಗಾಳಿ ತಳ್ಳಿದ ಕಡೆ ಹೋಗುತ್ತವೆ. ಕೆಲವು ಪಶ್ಚಿಮಕ್ಕೆ, ಒಮಾನ್-ಯೆಮೆನ್ ಕಡೆಗೆ. ಕೆಲವು ಬಡಗಣಕ್ಕೆ, ಗುಜರಾತ್ ಇಲ್ಲವೇ ಮಹಾರಾಷ್ಟ್ರಕ್ಕೆ. ನಾವು ಆ ದಾರಿಯ ಬದಿಯಲ್ಲಿದ್ದೇವೆ.

ಬದಿಯಲ್ಲಿ ನಿಂತವರಿಗೂ ಪೆಟ್ಟು ಬೀಳುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ನೆಲ ಮುಟ್ಟಿದ್ದು ಗುಜರಾತಿನಲ್ಲಿ, 17ರ ರಾತ್ರಿ. ಆದರೆ ಅದಕ್ಕೆ ಎರಡು ದಿನ ಮುಂಚೆ ನಮ್ಮ ಪಕ್ಕದಲ್ಲಿ ಹಾದುಹೋಗುವಾಗ ಭಟ್ಕಳದಿಂದ ಮಾಜಾಳಿವರೆಗೂ ಕಡಲು ದಂಡೆ ದಾಟಿತು. ತೂಫಾನು 200-300 ಕಿ.ಮೀ. ಆಚೆ ಇದ್ದರೂ ಅದರ ಅಲೆ ಮೊದಲೇ ಬಂದು ಮುಟ್ಟುತ್ತದೆ. ಅದೇ ಹೊತ್ತಿಗೆ ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಭರತ ಸೇರಿದರೆ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಬಾಯಿಯ ಊರುಗಳಲ್ಲಿ ನೀರು ಹೊರಹೋಗಲು ಜಾಗವೇ ಇರುವುದಿಲ್ಲ. ಮಳೆನೀರು ಮೇಲಿಂದ, ಕಡಲು ಕೆಳಗಿಂದ.

ಬಂಗಾಳಕೊಲ್ಲಿಯಲ್ಲಿ ತೂಫಾನು ಎದ್ರೆ ಶಿರಸಿಯಲ್ಲಿ ನಮ್ಮ ಅಡಿಕೆ ಯಾಕೆ ಒದ್ದೆ ಆಗ್ತದೆ?

ತಮಿಳುನಾಡಿಗೆ ಬಡಿದ ತೂಫಾನು ಅಲ್ಲೇ ಸಾಯುವುದಿಲ್ಲ. ಗಾಳಿ ಸೋತರೂ ಮೋಡ, ತೇವ ಹಾಗೇ ಪಶ್ಚಿಮಕ್ಕೆ ಬರುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಹತ್ತಿರ ನೆಲ ಮುಟ್ಟಿದ ಫೆಂಗಲ್‌ನ ಉಳಿಕೆ ಡಿಸೆಂಬರ್ ಮೊದಲ ವಾರ ನಮ್ಮ ನೆತ್ತಿ ದಾಟಿ ಅರಬ್ಬಿ ಕಡಲು ಸೇರಿತು.

ಆ ಹೊತ್ತಿಗೆ ಘಟ್ಟದ ಮೇಲೆ ಏನಿರುತ್ತದೆ ನೋಡಿ. ಬೇಯಿಸಿದ ಅಡಿಕೆ ಅಟ್ಟದ ಮೇಲೆ ಹರಡಿದೆ. ಗದ್ದೆಯಲ್ಲಿ ಕೊಯ್ದ ಭತ್ತ ಮಲಗಿದೆ. ಮೂರು ದಿನ ಬಿಸಿಲಿಲ್ಲದಿದ್ದರೆ ಅಡಿಕೆಯ ಸಂದಿಯಲ್ಲಿ ಬೆಳ್ಳನೆ ಬೂಷ್ಟು ಕಾಣಿಸುತ್ತದೆ, ಬಣ್ಣ ಹೋಗುತ್ತದೆ, ಪೇಟೆಯಲ್ಲಿ ದರ ಬೀಳುತ್ತದೆ. ಕರಾವಳಿಯವರಿಗೆ ಅರಬ್ಬಿ ಕಡಲು ಮುಖ್ಯವಾದರೆ, ನವೆಂಬರ್-ಡಿಸೆಂಬರ್‌ನಲ್ಲಿ ಶಿರಸಿ-ಸಿದ್ದಾಪುರದವರಿಗೆ ಬಂಗಾಳಕೊಲ್ಲಿಯೂ ಅಷ್ಟೇ ಮುಖ್ಯ. ಲಾ ನಿನಾ ಇದೆ ಅಂತ ಅಕ್ಟೋಬರ್‌ನಲ್ಲೇ ಗೊತ್ತಿದ್ದರೆ ಪ್ಲಾಸ್ಟಿಕ್ ಶೀಟು, ಡ್ರೈಯರ್ ವ್ಯವಸ್ಥೆ ಮುಂಚೆಯೇ ನೋಡಿಕೊಳ್ಳುವುದು ಒಳ್ಳೆಯದು. ಒಂದೇ ಜಿಲ್ಲೆಗೆ ಎರಡು ಲೆಕ್ಕ.

ಗಾಳಿ ದಿಕ್ಕು ನೋಡಿ ತೂಫಾನು ಎಲ್ಲಿದೆ ಅಂತ ಹೇಳ್ತಿದ್ರು ನಮ್ಮಜ್ಜ. ಅದು ಸರಿಯಾ?

ಸರಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಎಡಗೈ ಅಗಲಕ್ಕೆ ಚಾಚಿ, ಸ್ವಲ್ಪ ಮುಂದಕ್ಕೆ ತನ್ನಿ. ಕೈ ತೋರಿದ ಕಡೆ ತೂಫಾನಿನ ನಡು ಇದೆ. ಭೂಮಿಯ ಉತ್ತರಾರ್ಧದಲ್ಲಿ ಎಲ್ಲಿ ನಿಂತರೂ ಇದು ನಡೆಯುತ್ತದೆ.

ಕಾರವಾರದ ಆಚೆ ಕಡಲಲ್ಲಿ ಬಡಗಣಕ್ಕೆ ಹೋಗುವ ತೂಫಾನಿಗೆ ಗಾಳಿ ಹೀಗೆ ತಿರುಗುತ್ತದೆ. ಅದು ಇನ್ನೂ ನೈಋತ್ಯದಲ್ಲಿದ್ದಾಗ ಗಾಳಿ ಘಟ್ಟದ ಕಡೆಯಿಂದ, ಅಂದರೆ ಪೂರ್ವ-ಆಗ್ನೇಯದಿಂದ. ನೇರ ಪಶ್ಚಿಮಕ್ಕೆ ಬಂದಾಗ ತೆಂಕಣ ಗಾಳಿ. ದಾಟಿ ವಾಯವ್ಯಕ್ಕೆ ಹೋದಾಗ ಗಾಳಿ ನೈಋತ್ಯಕ್ಕೆ ತಿರುಗಿ ಕಡಲ ಮೇಲಿಂದಲೇ ನುಗ್ಗುತ್ತದೆ. ಘಟ್ಟದ ಗಾಳಿ ಬೀಸುವಾಗ ದಂಡೆಯ ನೀರು ಎಷ್ಟೋ ಸಲ ಮೋಸದ ಹಾಗೆ ಶಾಂತವಾಗಿ ಕಾಣುತ್ತದೆ. ಅಜ್ಜ ಅದನ್ನು ನೋಡಿಯೇ ಹೇಳುತ್ತಿದ್ದಿರಬೇಕು. ಆದರೆ ಇದು ಕಡಲಲ್ಲಿ ಸಿಕ್ಕಿಬಿದ್ದವರು ಯಾವ ಕಡೆ ಹೋಗಬಾರದು ಅಂತ ತಿಳಿಯಲು. ಇದನ್ನು ನಂಬಿ ಹೊರಡುವುದಕ್ಕಲ್ಲ.

ಹೆಸರು ಯಾರು ಇಡೋದು?

ನಮ್ಮ ಸುತ್ತಲಿನ 13 ದೇಶಗಳು ಮೊದಲೇ ಪಟ್ಟಿ ಕೊಟ್ಟಿರುತ್ತವೆ. 2020ರ ಪಟ್ಟಿಯಲ್ಲಿ 169 ಹೆಸರಿವೆ. ದೆಹಲಿಯ ಹವಾಮಾನ ಇಲಾಖೆ ಸರದಿಯಂತೆ ತೆಗೆದು ಇಡುತ್ತದೆ. ತೌಕ್ತೆ ಮ್ಯಾನ್ಮಾರ್ ಕೊಟ್ಟಿದ್ದು, ಹಲ್ಲಿ ಜಾತಿಯ ಒಂದು ಪ್ರಾಣಿ. 2023ರಲ್ಲಿ ಬಂದ ತೇಜ್ ತೂಫಾನಿನ ಹೆಸರು ನಮ್ಮ ದೇಶದ್ದು.

## ಸ್ವಲ್ಪ ಆಳಕ್ಕೆ

ಎಲ್ ನಿನೊ, ಪಾಸಿಟಿವ್ ಐಒಡಿ ಎರಡೂ ಒಟ್ಟಿಗೆ ಬಂದ್ರೆ ಅರಬ್ಬಿ ಕಡಲಲ್ಲೇ ತೂಫಾನು ಅಂತ ಬರೆದಿಟ್ಟುಕೊಳ್ಳಬಹುದಾ?

ಬರೆದಿಟ್ಟುಕೊಳ್ಳಲು ಆಗುವುದಿಲ್ಲ. 2023 ನೋಡಿ. ಎರಡೂ ಇದ್ದವು. ಅಕ್ಟೋಬರ್‌ನಲ್ಲಿ ಅರಬ್ಬಿ ಕಡಲಲ್ಲಿ ತೇಜ್ ಬಲವಾಗಿ ಎದ್ದು ಯೆಮೆನ್‌ಗೆ ಹೋಯಿತು. ಅಲ್ಲಿವರೆಗೆ ಲೆಕ್ಕ ಸರಿ. ಆದರೆ ಬಂಗಾಳಕೊಲ್ಲಿ ಸುಮ್ನೆ ಕೂರಲಿಲ್ಲ. ಹಮೂನ್, ಮಿಧಿಲಿ, ಡಿಸೆಂಬರ್‌ನಲ್ಲಿ ಮಿಚಾಂಗ್. ಮಿಚಾಂಗ್ ಮಳೆಗೆ ಚೆನ್ನೈ ಮುಳುಗಿತು.

ಎಲ್ ನಿನೊ, ಐಒಡಿಯಂಥ ಏರಿಳಿಯುವ ಚಕ್ರಗಳು ತಕ್ಕಡಿಯನ್ನು ಒಂದು ಕಡೆ ವಾಲಿಸುತ್ತವೆ, ಅಷ್ಟೇ. ಇಡೀ ಉತ್ತರ ಹಿಂದೂ ಮಹಾಸಾಗರದಲ್ಲಿ ವರ್ಷಕ್ಕೆ ಸರಾಸರಿ ಐದು ತೂಫಾನು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಒಂದು ಹೆಚ್ಚು ಒಂದು ಕಡಿಮೆ ಆದರೂ ಲೆಕ್ಕ ತಲೆಕೆಳಗಾಗುತ್ತದೆ.

ತೌಕ್ತೆ ಬಂದಾಗ ಎಲ್ ನಿನೊನೂ ಇರಲಿಲ್ಲ, ಐಒಡಿನೂ ಇರಲಿಲ್ಲ. ಅದು ಯಾವ ಲೆಕ್ಕಕ್ಕೆ?

ಒಳ್ಳೆಯ ಪ್ರಶ್ನೆ. ಆಗ ಲಾ ನಿನಾ ಮುಗಿಯುತ್ತಿತ್ತು. ಐಒಡಿ ಮೇನಲ್ಲಿ ಇನ್ನೂ ತಲೆ ಎತ್ತಿರುವುದೇ ಇಲ್ಲ. ಮುಂಗಾರು ಪೂರ್ವದ ತೂಫಾನುಗಳ ಮೇಲೆ ಈ ಎರಡು ಚಕ್ರಗಳ ಹಿಡಿತ ಹಿಂಗಾರಿನಷ್ಟು ಬಿಗಿ ಇಲ್ಲ.

ಆ ಹಂಗಾಮಿಗೆ ನೋಡಬೇಕಾದ್ದು ಬೇರೆ. ಏಪ್ರಿಲ್-ಮೇನಲ್ಲಿ ಕೇರಳ ಮತ್ತು ಲಕ್ಷದ್ವೀಪದ ನಡುವಿನ ಕಡಲು 30 ಡಿಗ್ರಿ ದಾಟಿ ಕಾಯುತ್ತದೆ. ಬಂಗಾಳಕೊಲ್ಲಿಯ ಉಪ್ಪು ಕಡಿಮೆ ಇರುವ ಹಗುರ ನೀರು ಚಳಿಗಾಲದಲ್ಲಿ ಶ್ರೀಲಂಕಾ ಸುತ್ತಿ ಅಲ್ಲಿಗೆ ಬಂದು ಹಾಸಿಕೊಳ್ಳುತ್ತದೆ. ಅದು ಕೆಳಗಿನ ತಣ್ಣೀರಿನ ಜೊತೆ ಸುಲಭಕ್ಕೆ ಬೆರೆಯುವುದಿಲ್ಲ, ಹಾಗಾಗಿ ಬಿಸಿಲು ಬಿದ್ದಷ್ಟೂ ಕಾಯುತ್ತದೆ. ಮುಂಗಾರು ಬರುವ ಮುಂಚೆ ಅಲ್ಲೊಂದು ಸುಳಿ ಎದ್ದರೆ ಅದಕ್ಕೆ ಬೇಕಾದ ಉರುವಲು ರೆಡಿ. 2021ರ ತೌಕ್ತೆ ಎದ್ದಿದ್ದು ಆ ಜಾಗದಲ್ಲೇ.

ಎಂಜೆಒ ಅಂತ ಈಚೆಗೆ ಹವಾಮಾನ ವರದಿಯಲ್ಲಿ ಬರ್ತದೆ. ಅದೇನು?

ಮ್ಯಾಡನ್-ಜೂಲಿಯನ್ ಆಸಿಲೇಷನ್ ಅನ್ನುವುದರ ಚಿಕ್ಕ ರೂಪ. ಸಮಭಾಜಕದ ಉದ್ದಕ್ಕೂ ಪಶ್ಚಿಮದಿಂದ ಪೂರ್ವಕ್ಕೆ ನಿಧಾನವಾಗಿ ಸಾಗುವ ಮೋಡಗಳ ಒಂದು ದೊಡ್ಡ ದಂಡು. 1971ರಲ್ಲಿ ಮ್ಯಾಡನ್ ಮತ್ತು ಜೂಲಿಯನ್ ಗುರುತಿಸಿದ್ದು. ಬೆಚ್ಚನೆ ನೀರಿನ ಮೇಲೆ ಸೆಕೆಂಡಿಗೆ ಸುಮಾರು 5 ಮೀಟರ್ ವೇಗ, ಅದು ದಾಟಿದ ಮೇಲೆ ಇನ್ನೂ ಜೋರು. ಭೂಮಿ ಸುತ್ತಿ ಬರಲು 30ರಿಂದ 60 ದಿನ. ಅದು ಹಿಂದೂ ಮಹಾಸಾಗರದ ಮೇಲಿರುವ ವಾರಗಳಲ್ಲಿ ಇಲ್ಲಿ ತೂಫಾನು ಹುಟ್ಟುವ ಸಾಧ್ಯತೆ ಏರುತ್ತದೆ, ದಾಟಿಹೋದ ಮೇಲೆ ಇಳಿಯುತ್ತದೆ. ಎಲ್ ನಿನೊ, ಐಒಡಿ ಇಡೀ ಹಂಗಾಮಿನ ಮಾತು. ಎಂಜೆಒ ಬರುವ ಎರಡು ವಾರದ ಮಾತು. ಬೋಟಿನವರಿಗೆ ಇದೇ ಜಾಸ್ತಿ ಉಪಯೋಗದ್ದು ಅಂತ ನನ್ನ ಅಭಿಪ್ರಾಯ. ಹವಾಮಾನ ಇಲಾಖೆ ಪ್ರತಿ ಗುರುವಾರ ಎರಡು ವಾರದ ತೂಫಾನು ಮುನ್ನೋಟ ಕೊಡುತ್ತದೆ. ಅದರಲ್ಲಿ ಎಂಜೆಒ ಎಲ್ಲಿದೆ ಅಂತ ಹೇಳಿರುತ್ತಾರೆ.

ಅರಬ್ಬಿ ಕಡಲಲ್ಲಿ ತೂಫಾನು ಜಾಸ್ತಿ ಆಗ್ತಿರೋದು ಈ ಚಕ್ರಗಳಿಂದಲಾ, ಕಡಲೇ ಕಾಯ್ತಿರೋದ್ರಿಂದಲಾ?

ಎರಡನ್ನೂ ಬೇರೆ ಮಾಡಿ ನೋಡಬೇಕು. ಚಕ್ರ ಅಂದರೆ ಏರಿ ಇಳಿಯುವುದು, ಭರತ-ಇಳಿತದ ಹಾಗೆ. ಕಡಲು ಕಾಯುತ್ತಿರುವುದು ಹಾಗಲ್ಲ. 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ನೀರು ಸುಮಾರು 1 ಡಿಗ್ರಿ ಏರಿದೆ, ಇಳಿದಿಲ್ಲ. ಅಂದರೆ ಭರತ-ಇಳಿತ ಆಗುವ ಕಡಲಿನ ಮಟ್ಟವೇ ಮೇಲೆ ಬಂದ ಹಾಗೆ. ಹಿಂದೆ ಪಾಸಿಟಿವ್ ಐಒಡಿ ಬಂದಾಗ ಮಾತ್ರ ಮುಟ್ಟುತ್ತಿದ್ದ ಬಿಸಿಯನ್ನು ಈಗ ಸಾಮಾನ್ಯ ವರ್ಷವೂ ಮುಟ್ಟಬಹುದು.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 1982-2000ಕ್ಕೆ ಹೋಲಿಸಿದರೆ 2001-2019ರಲ್ಲಿ ಅರಬ್ಬಿ ಕಡಲ ತೂಫಾನುಗಳ ಸಂಖ್ಯೆ 52 ಶೇಕಡ ಹೆಚ್ಚಾಗಿದೆ, ಬಂಗಾಳಕೊಲ್ಲಿಯಲ್ಲಿ 8 ಶೇಕಡ ಇಳಿದಿದೆ. ಬಂಗಾಳಕೊಲ್ಲಿಗೆ ನಾಲ್ಕು, ಅರಬ್ಬಿಗೆ ಒಂದು ಅನ್ನುವ ಹಳೆಯ ಅನುಪಾತ ಅಲುಗಾಡುತ್ತಿದೆ.

ಇಲ್ಲಿ ಒಂದು ಎಚ್ಚರ ಬೇಕು. ಎರಡು ದಶಕಕ್ಕೆ ಎರಡು ದಶಕ ಹೋಲಿಸಿದಾಗ ಅದರೊಳಗೆ 2015, 2019ರಂಥ ವರ್ಷಗಳೂ ಸೇರಿರುತ್ತವೆ. ಎಷ್ಟು ಪಾಲು ಚಕ್ರದ್ದು, ಎಷ್ಟು ಪಾಲು ಕಾದ ಕಡಲಿನದ್ದು ಅಂತ ಕತ್ತರಿಸಿ ಹೇಳುವುದು ಸುಲಭವಲ್ಲ. ಆದರೆ ಬಿಸಿ ನೀರು ಆಳದವರೆಗೆ ಇದ್ದರೆ ತೂಫಾನು ಬೇಗ ಬಲಿಯುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. ನಮಗೆ ಅಪಾಯ ಸಂಖ್ಯೆಗಿಂತ ಹೆಚ್ಚಾಗಿ ಈ ವೇಗದಲ್ಲಿದೆ. ಬಂದರಿಗೆ ಮರಳಲು ಸಿಗುವ ಗಂಟೆಗಳೇ ಕಡಿಮೆಯಾಗುತ್ತವೆ.

ತೂಫಾನು ಹೋದ ಮೇಲೆ ಕಡಲು ತಣ್ಣಗಾಗ್ತದಂತೆ, ಹೌದಾ?

ಹೌದು. ತೂಫಾನು ನೀರನ್ನು ಕಡೆಗೋಲು ಹಾಕಿದ ಹಾಗೆ ಕಡೆಯುತ್ತದೆ, ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಹಾದುಹೋದ ದಾರಿಯುದ್ದಕ್ಕೂ ತಣ್ಣನೆಯ ಪಟ್ಟೆ ಉಳಿಯುತ್ತದೆ. ಅದೇ ದಾರಿಯಲ್ಲಿ ಕೂಡಲೇ ಇನ್ನೊಂದು ಬಂದರೆ ಅದಕ್ಕೆ ಉರುವಲು ಕಡಿಮೆ. ಆಳದ ನೀರಿನ ಜೊತೆ ಸತ್ವವೂ ಬರುವುದರಿಂದ ಕೆಲವು ದಿನದಲ್ಲಿ ಅಲ್ಲಿ ಸಣ್ಣ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬಂಗಡೆ-ತಾರ್ಲೆ ತಿನ್ನುವ ಮೇವಿನ ಬುಡ ಅದೇ.

ಮುಂದಿನ ಹಿಂಗಾರಿಗೆ ತೂಫಾನು ಎಷ್ಟು ಅಂತ ಯುಗಾದಿಗೇ ಹೇಳೋಕಾಗಲ್ವಾ?

ಯುಗಾದಿ ಹೊತ್ತು ಅದಕ್ಕೆ ಅತಿ ಕೆಟ್ಟ ಹೊತ್ತು. ಮಾರ್ಚ್‌ನಿಂದ ಮೇವರೆಗೆ ಪೆಸಿಫಿಕ್ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವ ಕಾಲ. ಆಗ ಮಾಡಿದ ಎಲ್ ನಿನೊ ಮುನ್ಸೂಚನೆ ತಪ್ಪುವುದು ಜಾಸ್ತಿ. ಜುಲೈ-ಆಗಸ್ಟ್ ಹೊತ್ತಿಗೆ ಚಿತ್ರ ತಿಳಿಯಾಗುತ್ತದೆ. ಐಒಡಿಯೂ ಆಗಲೇ ರೂಪ ಪಡೆಯುವುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಹೇಗೂ ಮೀನುಗಾರಿಕೆ ನಿಷೇಧ. ಬಲೆ, ಇಂಜಿನು ರಿಪೇರಿ ಮಾಡುವ ಆ ದಿನಗಳ ಕೊನೆಗೆ ಒಮ್ಮೆ ಇವೆರಡರ ಸ್ಥಿತಿ ಕೇಳಿ. ಪಾಸಿಟಿವ್ ಐಒಡಿ ಅಂದರೆ, ಆ ವರ್ಷ ಅಕ್ಟೋಬರ್-ನವೆಂಬರ್‌ನಲ್ಲಿ ಹತ್ತು ದಿನದ ದೂರದ ಟ್ರಿಪ್‌ಗಳ ಬದಲು ಚಿಕ್ಕ ಟ್ರಿಪ್ ಇಟ್ಟುಕೊಳ್ಳುವುದು, ಬೋಟಿನ ವಿಮೆ ಕಟ್ಟಿ ಮುಗಿಸುವುದು, ಲೈಫ್ ಜಾಕೆಟ್ ಎಣಿಸಿ ನೋಡುವುದು.

ಕೊನೆಗೆ ಒಂದು. ಬೋಟು ಬಿಡೋ ದಿನ ತಾಂಡೇಲ ಏನು ನೋಡ್ಬೇಕು?

ಬೋಟು ನಡೆಸುವ ತಾಂಡೇಲ ಎಲ್ ನಿನೊ ನೋಡುವ ಅಗತ್ಯವಿಲ್ಲ. ಆ ದಿನಕ್ಕೆ ಬೇಕಾದ್ದು ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ಮತ್ತು ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆಯ ಎತ್ತರದ ಮುನ್ಸೂಚನೆ. ಬಂದರಿನ ಕಂಬದ ಸಿಗ್ನಲ್ ಕೂಡ ನೋಡಿ. 1 ಮತ್ತು 2 ದೂರದ ಕಡಲಿನ ಎಚ್ಚರಿಕೆ, 3 ಮತ್ತು 4 ಈ ಬಂದರಿಗೇ ಎಚ್ಚರಿಕೆ, 5ರಿಂದ ಮೇಲೆ ಅಪಾಯ.

ಹೊರಡುವ ದಿನ ನೋಡಿದರೆ ಮುಗಿಯಲಿಲ್ಲ. 2017ರ ಓಖಿಯನ್ನು ಮರೆಯಬೇಡಿ. ಅದು ಕನ್ಯಾಕುಮಾರಿಯ ಹತ್ತಿರ ಸುಮಾರು ಒಂದೇ ದಿನದಲ್ಲಿ ವಾಯುಭಾರ ಕುಸಿತದಿಂದ ತೂಫಾನಾಯಿತು. ಕೇರಳ, ತಮಿಳುನಾಡಿನ ನೂರಾರು ಜನ ಅದಕ್ಕೆ ಮುಂಚೆಯೇ ಕಡಲಿಗೆ ಹೋಗಿದ್ದರು. ಸುದ್ದಿ ಅವರಿಗೆ ಮುಟ್ಟಲೇ ಇಲ್ಲ, ಎಷ್ಟೋ ಮನೆಗಳಿಗೆ ದೇಹವೂ ಬರಲಿಲ್ಲ. ದಂಡೆಯಿಂದ ಕೆಲವೇ ಮೈಲಿ ಆಚೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಅದಕ್ಕೇ ವಿಎಚ್‌ಎಫ್ ರೇಡಿಯೋ 16ನೇ ಚಾನೆಲ್‌ನಲ್ಲಿ ಇರಲಿ, ರಾತ್ರಿಯೂ ಆರಿಸಬೇಡಿ. ಬ್ಯಾಟರಿ ಹೊರಡುವ ಮುಂಚೆ ಚಾರ್ಜ್ ಆಗಿದೆಯಾ ನೋಡಿ. ಯಾವ ಕಡೆ, ಎಷ್ಟು ಮಾರು ನೀರಿಗೆ, ಯಾವತ್ತು ವಾಪಸ್ ಅಂತ ಮನೆಯಲ್ಲಿ ಒಂದು ಚೀಟಿ ಬರೆದಿಡಿ. ಕೋಸ್ಟ್ ಗಾರ್ಡ್‌ನ ನಂಬರು 1554. ಆ ಚೀಟಿಯಲ್ಲೇ ಅದನ್ನೂ ಬರೆಯಿರಿ.